ಒಂದೇ ಪಾಠಯೋಜನೆ, ಎರಡು ತರಗತಿ

ಅಭ್ಯಾಸ ಬೋಧನೆಯ ಎರಡನೇ ವಾರ. ಎಂಟನೇ ತರಗತಿಯ ‘ಎ’ ವಿಭಾಗದಲ್ಲಿ ಘರ್ಷಣೆಯ ಪಾಠ ಮಾಡಿದೆ. ಸೈಕಲ್ ಬ್ರೇಕಿನ ಪ್ರಶ್ನೆಯಿಂದ ಪೀಠಿಕೆ ಹಾಕಿದ್ದೇ ತಡ, ಹತ್ತಾರು ಕೈಗಳು ಮೇಲೆದ್ದವು. ಮರುದಿನ ಅದೇ ಪಾಠಯೋಜನೆ ಹಿಡಿದು ‘ಬಿ’ ವಿಭಾಗಕ್ಕೆ ಹೋದೆ. ಒಂದು ಕೈಯೂ ಏಳಲಿಲ್ಲ. ‘ಮಕ್ಕಳ ಪೂರ್ವಜ್ಞಾನ ಸಾಲದು’ ಎಂದು ದಾಖಲೆ ಪುಸ್ತಕದಲ್ಲಿ ಬರೆದು ಕೈತೊಳೆದುಕೊಂಡೆ.

ಸಾಲದಿದ್ದದ್ದು ನನ್ನ ಸಿದ್ಧತೆ. ಇದು ನನಗೆ ಹೊಳೆದದ್ದು ಸ್ವೀಡನ್ನಿನ ಫುಟ್‌ಬಾಲ್ ತರಬೇತುದಾರ್ತಿ ಪಿಯಾ ಸುಂಡ್‌ಹಾಗೆ ಅವರ ಬಗ್ಗೆ ಓದಿದಾಗ.

2007ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಎದುರು 0–4ರಿಂದ ಸೋತ ಅಮೆರಿಕದ ಮಹಿಳಾ ತಂಡ ಒಳಗೊಳಗೇ ಒಡೆದಿತ್ತು. ಅದರ ಹೊಣೆ ಹೊತ್ತ ಪಿಯಾ, ಆಟಗಾರ್ತಿಯರ ಮೊದಲ ಸಭೆಯಲ್ಲಿ ಬಾಬ್ ಡಿಲನ್ ಅವರ ಹಾಡೊಂದನ್ನು ಹಾಡಿದರು. ಆ ತಂಡ 2008 ಮತ್ತು 2012ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿತು. 2016ರ ರಿಯೊ ಒಲಿಂಪಿಕ್ಸ್ ಹೊತ್ತಿಗೆ ಅವರು ತಮ್ಮ ದೇಶದ ತಂಡದ ಜೊತೆಗಿದ್ದರು. ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದದ್ದು ಅದೇ ಅಮೆರಿಕ. ಸ್ವೀಡನ್ನಿನ ಆಟಗಾರ್ತಿಯರಿಗೆ ಅಮೆರಿಕದವರಂತೆ ಮುನ್ನುಗ್ಗಿ ಆಡಿ ಎನ್ನಲಿಲ್ಲ. ಗೋಲಿನ ಮುಂದೆ ಒತ್ತಾಗಿ ನಿಂತು ಕಾಯುವ ಆಟ ಆಡಿಸಿದರು. ಪಂದ್ಯ 1–1ರಲ್ಲಿ ನಿಂತು, ಪೆನಾಲ್ಟಿಯಲ್ಲಿ ಸ್ವೀಡನ್ ಗೆದ್ದಿತು. ಕೊನೆಗೆ ಬೆಳ್ಳಿಯೂ ಬಂತು.

ಎಲ್ಲೆಡೆ ಗೆದ್ದರು ಎನ್ನಲಾಗದು. ಅವರ ಬ್ರೆಜಿಲ್ ತಂಡ 2022ರ ಕೋಪಾ ಅಮೆರಿಕವನ್ನು ಒಂದೂ ಗೋಲು ಬಿಟ್ಟುಕೊಡದೆ ಗೆದ್ದು, ಮರುವರ್ಷದ ವಿಶ್ವಕಪ್‌ನಲ್ಲಿ ಗುಂಪು ಹಂತದಲ್ಲೇ ಹೊರಬಿತ್ತು. ಅವರ ಕೆಲಸವೂ ಹೋಯಿತು. ಅನಂತರ ಸ್ವಿಟ್ಜರ್ಲೆಂಡಿಗೆ ಹೋದರು. 2025ರಲ್ಲಿ ತವರಿನಲ್ಲೇ ನಡೆದ ಯೂರೊ ಕಪ್‌ನಲ್ಲಿ ಆ ತಂಡ ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ತಲುಪಿತು.

ಅವರಿಗೆ ವರ್ಷಗಳಿದ್ದವು, ನಮಗಿರುವುದು ನಲವತ್ತು ನಿಮಿಷ ಎಂದು ಗೆಳೆಯರು ಹೇಳಬಹುದು. ಒಪ್ಪುತ್ತೇನೆ. ಆದರೆ ನನಗೆ ಬೇಕಾದದ್ದು ಬಿಸಿಯೂಟದ ಹತ್ತು ನಿಮಿಷ ಮಾತ್ರ. ‘ಬಿ’ ವಿಭಾಗದ ಹೆಚ್ಚಿನವರು ಹಾಸ್ಟೆಲಿನ ಹುಡುಗಿಯರು, ಸೈಕಲ್ ತುಳಿಯುವವರಲ್ಲ ಎಂದು ಅವರ ಜೊತೆ ಊಟಕ್ಕೆ ಕೂತಾಗಲೇ ತಿಳಿದದ್ದು. ಮುಂದಿನ ಅವಧಿಯಲ್ಲಿ, “ಎಲ್ಲಿ ಜಾರಿ ಬಿದ್ದಿದ್ದೀರಿ?” ಎಂದಷ್ಟೇ ಕೇಳಿದೆ. “ಪಾಚಿ ಕಟ್ಟಿದ ಬಚ್ಚಲಲ್ಲಿ, ಮಿಸ್!” ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಘರ್ಷಣೆಯ ಪಾಠ ಅಲ್ಲಿಂದ ಶುರುವಾಯಿತು.

ಹಿರಿಯ ವಿದ್ಯಾರ್ಥಿಗಳ ದಾಖಲೆ ಪುಸ್ತಕ ತಂದು ಪಾಠಯೋಜನೆ ನಕಲು ಮಾಡುವುದು ನಮ್ಮಲ್ಲಿ ಗುಟ್ಟೇನಲ್ಲ, ನಾನೂ ಮಾಡಿದ್ದೇನೆ. ಹಂತಗಳು, ಉದ್ದೇಶಗಳು ಎಲ್ಲ ಸರಿಯಾಗಿರುತ್ತವೆ. ಎದುರಿಗೆ ಕೂರುವ ಮಕ್ಕಳು ಮಾತ್ರ ಅದರಲ್ಲಿ ಇರುವುದಿಲ್ಲ. ಆದ್ದರಿಂದ ನನ್ನದೊಂದು ಸಲಹೆ: ಪ್ರತಿ ಪಾಠಯೋಜನೆಯ ಮೊದಲಿಗೆ ‘ಈ ತರಗತಿಯ ಬಗ್ಗೆ ನಾನು ತಿಳಿದದ್ದು’ ಎಂಬ ಒಂದು ಪುಟವಿರಲಿ. ಅದಕ್ಕೂ ಅಂಕವಿರಲಿ. ಆ ಪುಟವನ್ನು ಯಾರ ಪುಸ್ತಕದಿಂದಲೂ ನಕಲು ಮಾಡಲಾಗದು.