ಐದು ರೂಪಾಯಿ ಪಾಕೀಟು



ಪಾರ್ಲೆ-ಜಿ ಬಗ್ಗೆ ಮತ್ತೊಂದು ‘ನಮ್ಮ ಬಾಲ್ಯ’ ಪೋಸ್ಟು ಕಣ್ಣಿಗೆ ಬಿತ್ತು. ಮಳೆ, ಅಜ್ಜಿಮನೆ, ಹಿತ್ತಾಳೆ ಲೋಟ, ಚಾದಲ್ಲಿ ಅದ್ದಿದ ಬಿಸ್ಕೀಟು. ಲೈಕ್ ಒತ್ತಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ನೆನಪಾಯ್ತು, ನನ್ನ ಬಾಲ್ಯದ ಪಾರ್ಲೆ-ಜಿಯಲ್ಲಿ ಹಿತ್ತಾಳೆ ಲೋಟ ಇರಲೇ ಇಲ್ಲ ಮಾರಾಯ್ರೇ.

ಹಣಕೋಣದಿಂದ ಅಪ್ಪ ಕೂಲಿಗೆ ಹೋಗುವ ದಾರಿಯಲ್ಲಿ ಒಂದು ಚಾದಂಗಡಿ ಇತ್ತು. ಯಾವುದು ಅಂತ ಹೇಳೋದು ಬೇಡ, ಈಗಿನವರು ಹಾಗಿಲ್ಲ. ನಮ್ಮ ಗ್ಲಾಸು ಹೊರಗೆ ಮಾಡಿನ ಸಂದಿಯಲ್ಲಿ ಸಿಕ್ಕಿಸಿರ್ತಿತ್ತು. ಕುಡಿದು, ತೊಳೆದು, ಮತ್ತೆ ಅಲ್ಲೇ ಇಡಬೇಕು. ಬನ್ನು ಕೇಳಿದರೆ ಮೇಲಿಂದ ಕೈಗೆ ಬೀಳ್ತಿತ್ತು. ಆದರೆ ಬಿಸ್ಕೀಟು ಪಾಕೀಟು ಮಾತ್ರ ಬೇರೆ ಲೆಕ್ಕ. ಅದೇ ಮೇಣದ ಕಾಗದ, ಅದೇ ಮಗುವಿನ ಚಿತ್ರ. ಊರಿನ ದೊಡ್ಡ ಮನೆಗೆ ಹೋಗುವ ಪಾಕೀಟೂ ಅದೇ, ನಮ್ಮದೂ ಅದೇ. ನಮಗೆ ಅದನ್ನು ಎಸೆದೇ ಕೊಡ್ತಿದ್ದರು, ನಿಜ. ಆದರೂ ಒಳಗಿನದನ್ನು ಯಾರೂ ಬೇರೆ ಮಾಡಿರಲಿಲ್ಲ. ನಾನೇ ಹರಿದು ನಾನೇ ತೆಗೆದು ತಿನ್ನಬಹುದಿತ್ತು. ನನಗೆ ಆ ಬಿಸ್ಕೀಟಿನ ಮೇಲೆ ಇರುವ ಪ್ರೀತಿ ಇದು. ರುಚಿ ಆಮೇಲಿನ ಮಾತು.

ಹಾಗಾಗಿ ಮೇಣದ ಕಾಗದ ಹೋಗಿ ಪ್ಲಾಸ್ಟಿಕ್ ಬಂದಾಗ ನನಗೂ ಒಂಥರಾ ಆಗಿತ್ತು. 2016ರಲ್ಲಿ ಮುಂಬಯಿಯ ವಿಲೇ ಪಾರ್ಲೆಯ ಹಳೇ ಕಾರ್ಖಾನೆ ಮುಚ್ಚಿತು ಅಂದಾಗ ದೇಶವೆಲ್ಲ ಮರುಗಿತು. 1929ರಿಂದ ಇದ್ದ ಜಾಗ, ಮರುಗಬೇಕಾದ್ದೇ. ಬಿಸ್ಕೀಟಂತೂ ಬೇರೆ ಕಾರ್ಖಾನೆಗಳಿಂದ ಬರ್ತಾನೇ ಇತ್ತು. ಅಲ್ಲಿ ಸ್ವಯಂ ನಿವೃತ್ತಿ ತಗೊಂಡ ಕಾರ್ಮಿಕರ ಬಾಲ್ಯದ ಬಗ್ಗೆ, ಅವರ ಮಕ್ಕಳ ಬಾಲ್ಯದ ಬಗ್ಗೆ ಎಷ್ಟು ಜನ ಬರೆದರು?

ಇನ್ನೊಂದು ಬದಲಾವಣೆಗೆ ಯಾರೂ ಮರುಗಲಿಲ್ಲ. 2017ರ ಮೊದಲು ಕಿಲೋಗೆ ನೂರು ರೂಪಾಯಿಯೊಳಗಿನ ಬಿಸ್ಕೀಟಿಗೆ ಕೇಂದ್ರದ ಅಬಕಾರಿ ಸುಂಕ ಇರಲಿಲ್ಲ. ಬಡವರ ತಿಂಡಿ ಅಂತ ಬಿಟ್ಟಿದ್ದರು. ಜಿಎಸ್‌ಟಿ ಬಂದು ಎಲ್ಲ ಬಿಸ್ಕೀಟಿಗೂ ಶೇ. 18 ಹಾಕಿತು. ಮಾಲ್‌ನ ಚಾಕೊಲೇಟ್ ಕುಕ್ಕೀಸಿಗೂ ಅಷ್ಟೇ, ಬಸ್‌ಸ್ಟ್ಯಾಂಡಿನ ಗ್ಲೂಕೋಸಿಗೂ ಅಷ್ಟೇ. ಇದು ಯಾವ ಸೀಮೆ ಸಮಾನತೆ? 2019ರಲ್ಲಿ ಕಂಪನಿಯೇ, ಹೀಗೇ ಆದರೆ ಎಂಟು ಹತ್ತು ಸಾವಿರ ಜನರ ಕೆಲಸ ಹೋಗಬಹುದು ಅಂದಿತು. 2020ರ ಲಾಕ್‌ಡೌನಿನಲ್ಲಿ ನಡೆದು ಊರು ಸೇರಿದವರ ಕೈಚೀಲದಲ್ಲಿ ಇದೇ ಪಾಕೀಟು ಇತ್ತು. ದಾನ ಕೊಟ್ಟವರೂ ಇದನ್ನೇ ಕೊಟ್ಟರು, ದಾಖಲೆ ಮಾರಾಟ ಆಯ್ತು. ಆಗಲೂ ತೆರಿಗೆ ಶೇ. 18. ಅದು ಶೇ. 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ಕ್ಕೆ. ಎಂಟು ವರ್ಷ!

ಈ ಎಂಟು ವರ್ಷ ನಾವೇನು ಮಾಡ್ತಿದ್ದೆವು? ನಾನು ನನ್ನನ್ನೂ ಸೇರಿಸಿಯೇ ಕೇಳ್ತಿದ್ದೇನೆ. ಮೊಟ್ಟೆಗೆ ಹೋರಾಡಿದೆವು, ಸರಿಯಾಗೇ ಹೋರಾಡಿದೆವು. 2023ರಲ್ಲಿ ಅಮುಲ್ ಬಂತು ಅಂದಾಗ ನಂದಿನಿ ಪರ ಎಲ್ಲರ ಜೊತೆ ಕೂಗಿದೆವು. ಕೂಲಿ ಹೆಂಗಸಿನ ಬೆಳಗಿನ ತಿಂಡಿಯ ಮೇಲಿನ ತೆರಿಗೆ ನಮ್ಮ ಒಂದು ಮನವಿ ಪತ್ರದಲ್ಲೂ ಇರಲಿಲ್ಲ. ಬೆಲೆ ಐದೇ ರೂಪಾಯಿ ಇದೆಯಲ್ಲ ಅಂತ ಸುಮ್ಮನಿದ್ದೆವು. ಐದು ರೂಪಾಯಿ ಹಾಗೇ ಇಟ್ಟು ಒಳಗಿನ ಗ್ರಾಂ ಇಳಿಸುವುದು ಬಿಸ್ಕೀಟು, ಸೋಪು, ಚಿಪ್ಸು ಎಲ್ಲ ಕಂಪನಿಗಳ ಹಳೇ ವಿದ್ಯೆ. ರ‍್ಯಾಪರ್ ಬಣ್ಣ ಬದಲಾದರೆ ಪೋಸ್ಟು ಬರ್ತದೆ. ಗ್ರಾಂ ಬದಲಾದದ್ದು ಹಸಿದವರಿಗೆ ಮಾತ್ರ ಗೊತ್ತಾಗ್ತದೆ.

ಹೋದ ವಾರ ಕಾರವಾರ ಬಸ್‌ಸ್ಟ್ಯಾಂಡಿನಲ್ಲಿ ಗೋವಾಕ್ಕೆ ಕೆಲಸಕ್ಕೆ ಹೊರಟ ಒಬ್ಬ ಅಕ್ಕನ ಹತ್ತಿರ ಕೇಳಿದೆ, ತೆರಿಗೆ ಇಳಿದದ್ದು ಗೊತ್ತಾ ಅಂತ. “ಅದೆಲ್ಲ ನಂಗೆ ಗೊತ್ತಿಲ್ಲಪ್ಪ. ಮೊದ್ಲು ಒಂದು ಪಾಕೀಟು ಮಗನಿಗೂ ನನಗೂ ಆಗ್ತಿತ್ತು. ಈಗ ಅವನಿಗೆ ಕೊಟ್ಟು ನಾನು ಚಾ ಕುಡೀತೇನೆ” ಅಂದಳು. ಬಸ್ಸು ಬಂತು, ಹತ್ತಿದಳು.