ತಿಂಡಿಪಟ್ಟಿಯಲ್ಲಿ ಏಕೀಕರಣವೆಂದು?

ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ೧೯೫೬ನೆಯ ನವೆಂಬರ ೧ರಂದು ಒಂದಾಯಿತು. ೧೯೭೩ರಲ್ಲಿ ಕರ್ನಾಟಕವೆಂಬ ತನ್ನ ಹೆಸರನ್ನೂ ಪಡೆಯಿತು. ಆದರೆ ನಮ್ಮ ಉಪಾಹಾರಗೃಹಗಳ ತಿಂಡಿಪಟ್ಟಿಯನ್ನು ಕೈಗೆತ್ತಿಕೊಂಡು ನೋಡಿರಿ. ಅಲ್ಲಿ ಕನ್ನಡಿಗನು ಇಂದಿಗೂ ಪರದೇಶಿಯೇ ಸರಿ!

ಸಜ್ಜಿಗೆಯೆಂಬ ಒಂದೇ ಶಬ್ದವನ್ನು ತೆಗೆದುಕೊಳ್ಳೋಣ. ಮಂಗಳೂರಿನ ಕಡೆಗೆ ಅದು ಒಗ್ಗರಣೆಯ ಉಪ್ಪಿಟ್ಟು. ಮೈಸೂರಿನ ಕಡೆಗೆ ತುಪ್ಪಸಕ್ಕರೆಗಳ ಸಿಹಿ. ಆ ಸಿಹಿಯೇ ಧಾರವಾಡದಲ್ಲಿ ಶಿರಾ, ಬೆಂಗಳೂರಿನಲ್ಲಿ ಕೇಸರಿಬಾತ್. ಭಾತ್ ಎಂದರೆ ಮರಾಠಿಯಲ್ಲಿ ಅನ್ನ. ಬೆಂಗಳೂರಿನ ಖಾರಾಬಾತಿನಲ್ಲಿಯಾದರೋ ಅನ್ನದ ಅಗುಳೊಂದೂ ಇಲ್ಲ, ಇರುವದೆಲ್ಲ ರವೆ! ಇವೆರಡನ್ನೂ ಒಂದೇ ತಟ್ಟೆಯಲ್ಲಿಟ್ಟರೆ ಚೌಚೌ ಬಾತ್. ಚೌಚೌ ಎನ್ನಿಸಿಕೊಳ್ಳುವ ಸೀಮೆಬದನೆಕಾಯಿಗೂ ಅದಕ್ಕೂ ಯಾವ ನಂಟೂ ಇಲ್ಲ. ಧಾರವಾಡದವನಿಗೆ ಚುರುಮುರಿಯೆಂದರೆ ಬರಿಯ ಮಂಡಕ್ಕಿ. ಮೈಸೂರಿನವನಿಗೆ ಈರುಳ್ಳಿ ಖಾರಗಳನ್ನು ಬೆರೆಸಿದ ತಿನಿಸು.

ಈ ನಾನಾತ್ವವನ್ನು ನಾವು ದೂರುವದಿಲ್ಲ. ಅದು ನಾಡಿನ ಸಂಪತ್ತು. ಹೆಸರನ್ನು ಬಿಡಿಸಿ ಹೇಳಬೇಕಾದ ಪಟ್ಟಿಯೇ ಅನೇಕ ಕಡೆಗಳಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಅಚ್ಚಾಗಿರುವದೇ ನಮ್ಮ ದೂರು. ಸಕ್ಕರೆಯನ್ನು ವರ್ಜಿಸಿದ ವೃದ್ಧನು, ಈರುಳ್ಳಿಯನ್ನು ಬಿಟ್ಟ ವ್ರತಸ್ಥೆಯು, ಜೇಬಿನ ಕಾಸನ್ನು ಎಣಿಸಿ ಉಣ್ಣಬೇಕಾದ ಕೂಲಿಕಾರನು ಅದನ್ನು ನೋಡಿ ತಿಳಿಯುವದೇನು? ನಾಮಫಲಕದಲ್ಲಿ ನೂರಕ್ಕೆ ೬೦ ಪಾಲು ಕನ್ನಡವಿರಬೇಕೆಂದು ೨೦೨೪ರ ಕಾಯದೆ ವಿಧಿಸಿತು. ಹೊಸ್ತಿಲ ಹೊರಗೆ ಅರವತ್ತು ಪಾಲು, ಒಳಗಿನ ಮೇಜಿನ ಮೇಲೆ ಸೊನ್ನೆ! ಇದೆಂಥ ಭಾಷಾಭಿಮಾನ?

ಪರಸ್ಥಳದವರಿಗೆ ತಿಳಿಯಬೇಡವೇ ಎಂದು ಮಾಲಿಕರು ಕೇಳಬಹುದು. ತಿಳಿಯಲಿ, ಕನ್ನಡದ ಕೆಳಗೆ ಅವರ ಲಿಪಿಯಲ್ಲಿಯೂ ಬರೆಯಲಿ. ಕನ್ನಡದಲ್ಲಿ ಶಬ್ದಗಳು ಸಾಲವೆಂಬ ನೆವವನ್ನಂತೂ ನಾವು ಒಪ್ಪೆವು. ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬಂದು ಸಾವಿರ ವರ್ಷಗಳು ಮೀರಿದವು. ಮೂರನೆಯ ಮಂಗರಸನು ಅಡುಗೆಯನ್ನೇ ವಸ್ತುವಾಗಿಸಿಕೊಂಡು ಸೂಪಶಾಸ್ತ್ರವನ್ನು ರಚಿಸಿದನು. ಇಂಥ ನುಡಿಗೆ ಒಂದು ತಿಂಡಿಪಟ್ಟಿ ಭಾರವೇ?

ನಾವು ಬೇಡುವದು ಇಷ್ಟೇ: ಮೊದಲು ಕನ್ನಡದಲ್ಲಿ ಊರಿನ ಹೆಸರಿರಲಿ, ಮಗ್ಗುಲಲ್ಲಿ ನಾಡಿನ ಬೇರೆ ಭಾಗಗಳವರು ಬಳಸುವ ಹೆಸರಿರಲಿ, ಸಿಹಿಯೋ ಖಾರವೋ, ರವೆಯೋ ಅಕ್ಕಿಯೋ ಎಂಬುದು ಒಂದು ಸಾಲಿನಲ್ಲಿರಲಿ. ಆಗ ಮಂಗಳೂರಿನವನು ಮೈಸೂರಿನಲ್ಲಿ, ಬೀದರದವನು ಮಡಿಕೇರಿಯಲ್ಲಿ ಸಂಕೋಚವಿಲ್ಲದೆ ಉಂಡಾನು. ಒಬ್ಬರ ಮಾತು ಮತ್ತೊಬ್ಬರಿಗೆ ಪರಿಚಯವಾದೀತು.

ಕನ್ನಡಿಗರೇ, ಸರಕಾರದ ಅಪ್ಪಣೆಗಾಗಿ ಕಾಯಬೇಡಿರಿ. ಇನ್ನು ಮುಂದೆ ಉಪಾಹಾರಗೃಹದಲ್ಲಿ ಕುಳಿತೊಡನೆ ಕನ್ನಡದ ಪಟ್ಟಿಯನ್ನು ಕೇಳಿರಿ. ತಿಂಡಿಯನ್ನು ಆ ಮೇಲೆ ಕೇಳಿರಿ.