ಆಕೃತಿಯೊಳಗೆ ಸಿಕ್ಕಿದ ಅಕ್ಷರ

ಬರಹವನ್ನು ಎಲೆ, ಹನಿ, ಹಣತೆ, ಭೂಪಟ ಮೊದಲಾದ ಆಕೃತಿಗಳೊಳಗೆ ತುಂಬಿಡುವ ರೂಢಿ ಭಿತ್ತಿಪತ್ರಗಳಲ್ಲಿಯೂ ಪುಸ್ತಕಗಳ ಹೊದಿಕೆಗಳಲ್ಲಿಯೂ ಹೆಚ್ಚುತ್ತಿದೆ. ಹಿಂದೆ ಮೊಳೆ ಜೋಡಿಸುವವನು ಪ್ರತಿಯೊಂದು ಸಾಲಿನ ಎರಡು ಕೊನೆಗಳಲ್ಲಿಯೂ ಸೀಸದ ತುಂಡುಗಳನ್ನಿಟ್ಟು ಗಂಟೆಗಟ್ಟಲೆ ಶ್ರಮಿಸಿ ಸಾಧಿಸಬೇಕಾಗಿದ್ದ ಈ ಕೆಲಸವನ್ನು ಇಂದಿನ ತಂತ್ರಾಂಶಗಳು ಕ್ಷಣಮಾತ್ರದಲ್ಲಿ ಮುಗಿಸುತ್ತವೆ. ಮುಗಿಸುವುದೇನೋ ನಿಜ, ಓದುವವನ ಪಾಡೇನು ಎಂಬುದು ನಮ್ಮ ಪ್ರಶ್ನೆ.

ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕಾಗಿ ವಾಹಕಗಳನ್ನೂ ಅವಾಹಕಗಳನ್ನೂ ಕುರಿತು ನಾವು ಹತ್ತು ವಾಕ್ಯಗಳನ್ನು ಬರೆದುಕೊಟ್ಟಿದ್ದೆವು. ವಿನ್ಯಾಸಕಾರರು ಅವನ್ನು ವಿದ್ಯುದ್ದೀಪದ ಬುರುಡೆಯ ಆಕಾರದೊಳಗೆ ತುಂಬಿದರು. ಹೊಟ್ಟೆಯ ಭಾಗದಲ್ಲಿ ಎಲ್ಲವೂ ಸೊಗಸಾಗಿಯೇ ಇತ್ತು. ಕೊರಳಿನಲ್ಲಿ ಸಾಲುಗಳು ಕಿರಿದಾದುದರಿಂದ, ಯಾವ ಅಕ್ಷರದ ಬಳಿಯಾದರೂ ಪದವನ್ನು ಒಡೆಯಬಹುದೆಂದು ತಂತ್ರಾಂಶಕ್ಕೆ ಅನುಮತಿ ಕೊಟ್ಟಿದ್ದರಂತೆ. 'ರಬ್ಬರು ಅವಾಹಕ' ಎಂಬಲ್ಲಿ 'ಅ' ಮೇಲಿನ ಸಾಲಿನ ತುದಿಯಲ್ಲಿ ಉಳಿದು 'ವಾಹಕ' ಕೆಳಗಿಳಿದಿತ್ತು. ನಡುವೆ ಒಂದು ಅಡ್ಡಗೆರೆಯೂ ಇರಲಿಲ್ಲ. ಪ್ರೌಢಶಾಲೆಯ ಹುಡುಗನೊಬ್ಬನು 'ರಬ್ಬರು ವಾಹಕ' ಎಂದು ನಿಶ್ಚಿಂತೆಯಿಂದ ಬರೆದುಕೊಳ್ಳುತ್ತಿದ್ದುದನ್ನು ಕಂಡಾಗಲೇ ನಮಗೆ ಈ ವಿಷಯದ ಗಾಂಭೀರ್ಯ ಅರಿವಾದುದು.

ತೊಡಕಿನ ಮೂಲ ರೇಖಾಗಣಿತದಲ್ಲಿದೆ. 5 ಸೆಂ.ಮೀ. ತ್ರಿಜ್ಯವುಳ್ಳ ವರ್ತುಲವೊಂದನ್ನು ತೆಗೆದುಕೊಳ್ಳೋಣ. ಬರಹದ ಸಾಲೆಂಬುದು ಒಂದು ಪಟ್ಟಿ. ಅದರ ಎತ್ತರ ಅರ್ಧ ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಕೇಂದ್ರದಿಂದ 4 ಸೆಂ.ಮೀ. ಕೆಳಗೆ ಆರಂಭವಾಗುವ ಸಾಲಿನ ಮೇಲಂಚಿನಲ್ಲಿ ವರ್ತುಲದ ಅಗಲ 6 ಸೆಂ.ಮೀ.; ಕೆಳಂಚಿನಲ್ಲಿ ಸುಮಾರು 4.4 ಸೆಂ.ಮೀ. ಮಾತ್ರ. ಸಾಲಿಗೆ ನ್ಯಾಯವಾಗಿ ದಕ್ಕುವುದು ಕಿರಿದಾದ ಅಳತೆಯೇ. ಕೇಂದ್ರಕ್ಕೆ ತಾಗಿದ ಸಾಲಿನಲ್ಲಾದರೋ ಈ ವ್ಯತ್ಯಾಸ ಕೇವಲ ಅರ್ಧ ಮಿಲಿಮೀಟರು. ಈಗ ನಮ್ಮ ಒತ್ತಕ್ಷರಗಳನ್ನು ನೆನೆಯಿರಿ. ಅವು ತೂಗಾಡುವುದು ಆ ಕೆಳಂಚಿನಲ್ಲಿಯೇ. ಅಕ್ಷರ ಕುಳಿತಿರುವ ಗೆರೆಯನ್ನಷ್ಟೇ ಅಳೆದು ಸಾಲನ್ನು ಹೊಂದಿಸಿದರೆ ಕೊನೆಯ 'ಸ್ತ್ರ'ದ ಒತ್ತು ಪರಿಧಿಯಿಂದ ಹೊರಕ್ಕೆ ಇಣುಕುತ್ತದೆ.

ಎರಡನೆಯ ತೊಡಕು ನಮ್ಮ ಪದಗಳ ಉದ್ದ. ವಿಭಕ್ತಿ ಪ್ರತ್ಯಯಗಳೂ ಸಂಧಿಗಳೂ ಸೇರಿ ಕನ್ನಡದ ಪದ ಬೆಳೆಯುತ್ತ ಹೋಗುತ್ತದೆ. ಕಿರಿದಾದ ಸಾಲಿನಲ್ಲಿ ಹಿಡಿಸುವುದು ಎರಡೇ ಪದ. ಅವುಗಳ ನಡುವಣ ಒಂದೇ ತೆರಪು ಎಲ್ಲ ಎಳೆತವನ್ನೂ ಹೊರಬೇಕು. ಡೊನಾಲ್ಡ್ ಕ್ನೂತ್ ಮತ್ತು ಮೈಕೆಲ್ ಪ್ಲಾಸ್ ಎಂಬುವರು 1981ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಈ ತೆರಪನ್ನು ಹಿಗ್ಗಿ ಕುಗ್ಗುವ ವಸ್ತುವೆಂದೇ ಭಾವಿಸಿದೆ. ಹಿಗ್ಗು ಇಮ್ಮಡಿಯಾದರೆ ಸಾಲಿನ ದೋಷ ಎಂಟು ಮಡಿಯಾಗುತ್ತದೆಂದು ಎಣಿಸಿ, ಇಡೀ ಪರಿಚ್ಛೇದದ ಒಟ್ಟು ದೋಷ ಕನಿಷ್ಠವಾಗುವಂತೆ ಸಾಲುಗಳನ್ನು ಮುರಿಯುವುದು ಅದರ ಕ್ರಮ. ಕ್ನೂತರ ಟೆಕ್ ತಂತ್ರಾಂಶದಲ್ಲಿ ಒಂದೊಂದು ಸಾಲಿಗೂ ಬೇರೆ ಬೇರೆ ಉದ್ದವನ್ನು ವಿಧಿಸುವ ಸೌಕರ್ಯವೂ ಉಂಟು. ಅದಕ್ಕೆ ಕನ್ನಡ ಪದಗಳನ್ನು ಒಡೆಯುವ ನಿಯಮಾವಳಿ ಕೂಡ ದೊರೆಯುತ್ತದೆ. ಆದರೆ 'ಅ' ಎಂಬ ಒಂದಕ್ಷರ ಅರ್ಥವನ್ನೇ ತಿರುಗಿಸುವುದೆಂಬುದನ್ನು ಅಕ್ಷರಗಳನ್ನು ಮಾತ್ರ ಬಲ್ಲ ನಿಯಮ ಹೇಗೆ ತಿಳಿದೀತು?

ಆದುದರಿಂದ ಬಗ್ಗಬೇಕಾದುದು ಆಕೃತಿ ಎಂಬುದು ನಮ್ಮ ಅಭಿಪ್ರಾಯ. ಅಕ್ಷರಗಳನ್ನು ಅಡ್ಡಲಾಗಿ ಹಿಸುಕುವುದು, ಒತ್ತುಗಳು ಒಂದಕ್ಕೊಂದು ತಾಗುವಂತೆ ಸಾಲುಗಳನ್ನು ಒತ್ತರಿಸುವುದು ಇವೆರಡೂ ಸಲ್ಲದು. ಲೂಯಿಸ್ ಕ್ಯಾರಲ್ 1865ರಲ್ಲಿಯೇ ಇಲಿಯ ಕತೆಯನ್ನು ಇಲಿಯ ಬಾಲದ ಆಕಾರದಲ್ಲಿ ಅಚ್ಚು ಹಾಕಿಸಲಿಲ್ಲವೆ ಎಂದು ಕೇಳುವವರುಂಟು. ಅಲ್ಲಿ ಬಾಲವೇ ವಿನೋದ; ಪಾಠ ಹೇಳುವ ಭಿತ್ತಿಪತ್ರಕ್ಕೆ ಆ ಸಲಿಗೆ ಇಲ್ಲ.

ಆ ಪತ್ರವನ್ನು ನಾವು ಮತ್ತೆ ಅಚ್ಚು ಮಾಡಿಸಿದೆವು. ಬುರುಡೆಯ ಕೊರಳನ್ನು ಬರಿದಾಗಿಯೇ ಬಿಟ್ಟುದರಿಂದ ಮೂರು ವಾಕ್ಯಗಳನ್ನು ಕೈಬಿಡಬೇಕಾಯಿತು. ಅವುಗಳಲ್ಲೊಂದು ನಮಗೆ ಬಹಳ ಪ್ರಿಯವಾಗಿದ್ದಿತು.